ಹೀಪ್ ಏರುತ್ತಿಲ್ಲ, ಆದರೂ ಎರಡೇ ನೋಡ್‌ಗಳಲ್ಲಿ ಮೆಮೊರಿ ತುಂಬುತ್ತಿದೆ

ನೋಡ್_ನಾಲ್ಕು

ಆರು ನೋಡ್‌ಗಳ (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ) ಕ್ಲಸ್ಟರ್. ನಮ್ಮದೇ ಸಾಫ್ಟ್‌ವೇರ್, ಜಾವಾ 21, ಜಿ1 ಜಿಸಿ (ಬಳಕೆಯಲ್ಲಿಲ್ಲದ ಮೆಮೊರಿಯನ್ನು ತಾನಾಗಿ ಬಿಡಿಸುವ ಗಾರ್ಬೇಜ್ ಕಲೆಕ್ಟರ್). ಪ್ರತಿ ನೋಡ್ ಒಂದು ಕಂಟೈನರ್. ಮಿತಿ 6 ಜಿಬಿ, ಹೀಪ್ (ಜಾವಾ ಆಬ್ಜೆಕ್ಟ್‌ಗಳ ಮೆಮೊರಿ) ಗರಿಷ್ಠ 3 ಜಿಬಿ. ನೋಡ್‌ಗಳು ಟಿಸಿಪಿ ಮೇಲೆ ಮಾತಾಡುತ್ತವೆ, ಸಂದೇಶಗಳನ್ನು ಕಂಪ್ರೆಸ್ ಮಾಡಿ ಕಳಿಸುತ್ತವೆ.

ಎರಡನೇ ಮತ್ತು ಐದನೇ ನೋಡ್ ಮಾತ್ರ ಒಂದು ದಿನ ತುಂಬುವ ಮೊದಲೇ ಸಾಯುತ್ತಿವೆ. ಎಕ್ಸಿಟ್ ಕೋಡ್ 137. ಆರ್‌ಎಸ್‌ಎಸ್ (ಪ್ರೋಸೆಸ್ ನಿಜಕ್ಕೂ ಹಿಡಿದಿರುವ ಮೆಮೊರಿ) ಗಂಟೆಗೆ ಸುಮಾರು 100 ಎಂಬಿ ಏರುತ್ತದೆ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಹಗಲು ಟ್ರಾಫಿಕ್ ಜಾಸ್ತಿ, ರಾತ್ರಿ ಕಡಿಮೆ. ಆದರೆ ಏರುವ ವೇಗ ಒಂದೇ. ಜಿಸಿ ಆದ ಮೇಲೆ ಹೀಪ್ 1.4 ಜಿಬಿ ಆಸುಪಾಸಿಗೆ ಬಂದು ನಿಲ್ಲುತ್ತದೆ. ಉಳಿದ ನಾಲ್ಕು ನೋಡ್‌ಗಳಿಗೆ ಏನೂ ಆಗಿಲ್ಲ. ಎಲ್ಲದರಲ್ಲೂ ಒಂದೇ ಇಮೇಜ್. ಎಲ್ಲಿಂದ ಹುಡುಕಲು ಶುರು ಮಾಡಲಿ?

ರಾತ್ರಿಪಾಳಿ

ಮೊದಲು ಉಸಿರಾಡಲು ಜಾಗ ಮಾಡಿಕೊಳ್ಳಿ. ದಿನಕ್ಕೆರಡು ಸಲ ಆ ನೋಡ್‌ಗಳನ್ನು ರೀಸ್ಟಾರ್ಟ್ ಮಾಡುವ ಕ್ರಾನ್ ಹಾಕಿ. ಗ್ರಾಹಕರಿಗೆ ತೊಂದರೆ ಆಗಬಾರದು ಅಲ್ವಾ? ಆಮೇಲೆ ಸಾವಕಾಶವಾಗಿ ಹುಡುಕಿದರಾಯ್ತು.

ಹೀಪ್‌ಹುಡುಕ

ಕ್ರಾನ್ ಹಾಕಿ, ನನ್ನ ಆಕ್ಷೇಪ ಇಲ್ಲ. ಆದರೆ ಎರಡನ್ನೂ ಒಂದೇ ಹೊತ್ತಿಗೆ ರೀಸ್ಟಾರ್ಟ್ ಮಾಡಬೇಡಿ. ಒಟ್ಟಿಗೆ ಎದ್ದ ನೋಡ್‌ಗಳು ಒಂದೇ ವೇಗದಲ್ಲಿ ಸೋರಿದರೆ (ಲೀಕ್, ಅಂದರೆ ಪಡೆದ ಮೆಮೊರಿ ವಾಪಸ್ ಬಾರದಿದ್ದರೆ) ಒಟ್ಟಿಗೇ ಸಾಯುತ್ತವೆ. ಒಂದು ಸತ್ತಾಗ ಅದರ ಲೋಡ್ ಪಕ್ಕದ್ದಕ್ಕೆ ಹೋಗುತ್ತದೆ, ಅದೂ ಅಂಚಿನಲ್ಲೇ ಇರುತ್ತದೆ. ಗುನಿಕಾರ್ನ್‌ನಲ್ಲಿ (ಪೈಥಾನ್ ವೆಬ್ ಸರ್ವರ್) ಇಷ್ಟು ರಿಕ್ವೆಸ್ಟ್ ಆದ ಮೇಲೆ ರೀಸ್ಟಾರ್ಟ್ ಮಾಡಿಸುವ ಮ್ಯಾಕ್ಸ್ ರಿಕ್ವೆಸ್ಟ್ಸ್ ಜೊತೆಗೆ ಜಿಟ್ಟರ್ (ಆ ಹೊತ್ತನ್ನು ಸ್ವಲ್ಪ ಹಿಂದೆಮುಂದೆ ಮಾಡುವುದು) ಅಂತ ಇನ್ನೊಂದು ಸೆಟ್ಟಿಂಗ್ ಇಟ್ಟಿರುವುದೂ ಇದಕ್ಕೇ.

ಈಗ ನಿಮ್ಮ ಪ್ರಶ್ನೆಗೆ. 137 ಅಂದರೆ 128 ಕೂಡಿಸು 9, ಅಂದರೆ ಸಿಗ್‌ಕಿಲ್ (ಬಲವಂತವಾಗಿ ಕೊಲ್ಲುವ ಸಿಗ್ನಲ್) ಬಂದಿದೆ ಅಂತ ಅಷ್ಟೆ. ಒಒಎಂ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರೋಸೆಸ್ ಕೊಲ್ಲುವ ಕರ್ನಲ್ ಭಾಗ) ಕೊಂದಿದೆ ಅಂತ ಅದೊಂದರಿಂದಲೇ ಹೇಳಲು ಬರುವುದಿಲ್ಲ. ಲೈವ್‌ನೆಸ್ ಪ್ರೋಬ್ (ಬದುಕಿದೆಯಾ ಅಂತ ಕೇಳುವ ತಪಾಸಣೆ) ಸೋತು, ಕೊಟ್ಟ ಗಡುವಿನೊಳಗೆ ಪ್ರೋಸೆಸ್ ಇಳಿಯದಿದ್ದರೂ ಇದೇ ಕೋಡ್ ಬರುತ್ತದೆ. ಸಿ-ಗ್ರೂಪ್ (ಲಿನಕ್ಸ್‌ನಲ್ಲಿ ಮಿತಿ ಹಾಕುವ ವ್ಯವಸ್ಥೆ) ಎರಡನೇ ಆವೃತ್ತಿ ಇದ್ದರೆ ಮೆಮೊರಿ ಡಾಟ್ ಇವೆಂಟ್ಸ್ ಫೈಲಿನಲ್ಲಿ ಒಒಎಂ ಕಿಲ್ ಎಣಿಕೆ ಏರಿದೆಯಾ ನೋಡಿ. ಡಿಮೆಸೇಜ್‌ನಲ್ಲೂ (ಕರ್ನಲ್ ಲಾಗ್) ಸಾಲು ಬಿದ್ದಿರುತ್ತದೆ.

ಅದಾದ ಮೇಲೆ ಮೆಮೊರಿ ಡಾಟ್ ಸ್ಟ್ಯಾಟ್ ತೆಗೆದು ಅನಾನ್, ಫೈಲ್, ಎಸ್‌ಎಚ್‌ಮೆಮ್, ಸ್ಲ್ಯಾಬ್, ಸಾಕ್ (ನೆಟ್‌ವರ್ಕ್ ಬಫರ್) ಈ ಐದನ್ನೂ ಇಲ್ಲಿ ಹಾಕಿ, ಒಂದು ಗಂಟೆ ಬಿಟ್ಟು ಮತ್ತೆ ಹಾಕಿ. ಫೈಲ್ ಏರುತ್ತಿದ್ದರೆ ಅದು ಪೇಜ್ ಕ್ಯಾಶ್, ಹೆದರಬೇಕಿಲ್ಲ. ಎಸ್‌ಎಚ್‌ಮೆಮ್ ಏರುತ್ತಿದ್ದರೆ ಯಾರೋ ಟಿಎಂಪಿಎಫ್‌ಎಸ್‌ಗೆ (ಮೆಮೊರಿಯಲ್ಲೇ ಇರುವ ಫೈಲ್ ಸಿಸ್ಟಂ) ಬರೆಯುತ್ತಿದ್ದಾರೆ, ಅದೂ ನಿಮ್ಮ ಮಿತಿಯ ಲೆಕ್ಕಕ್ಕೇ ಬರುತ್ತದೆ. ಅನಾನ್ (ಯಾವ ಫೈಲಿಗೂ ಸೇರದ, ಪ್ರೋಸೆಸ್‌ನದೇ ಮೆಮೊರಿ) ಏರಿದರೆ ಮಾತ್ರ ನಾವು ಹುಡುಕುತ್ತಿರುವ ಪ್ರಾಣಿ.

ಸ್ಲ್ಯಾಬ್‌ಸ್ವಾಮಿ

ಸ್ಲ್ಯಾಬ್ (ಕರ್ನಲ್ ತನಗಾಗಿ ಇಟ್ಟುಕೊಳ್ಳುವ ಮೆಮೊರಿ) ಬಗ್ಗೆ ಒಂದು ಮಾತು. ಕೆಲವೊಮ್ಮೆ ಯಾವ ಪ್ರೋಸೆಸ್‌ನ ಆರ್‌ಎಸ್‌ಎಸ್ ಕೂಡಿಸಿದರೂ ಲೆಕ್ಕ ಹೊಂದುವುದಿಲ್ಲ, ಮೆಷೀನ್‌ನ ಮೆಮೊರಿ ಮಾತ್ರ ಖಾಲಿ. ಆಗ ಸ್ಲ್ಯಾಬ್‌ಟಾಪ್ ಓಡಿಸಿ. ಡೆಂಟ್ರಿ (ಫೈಲ್ ಹೆಸರು ನೆನಪಿಡುವ ಕರ್ನಲ್ ದಾಖಲೆ) ಅನ್ನೋದು ಎಲ್ಲಕ್ಕಿಂತ ಮೇಲೆ ಕೂತಿರುತ್ತದೆ. ಹಿಂದೆ ಎನ್‌ಎಸ್‌ಎಸ್ ಅನ್ನೋ ಎನ್‌ಕ್ರಿಪ್ಶನ್ ಲೈಬ್ರರಿ ಜೊತೆ ಬಿಲ್ಡ್ ಆದ ಕರ್ಲ್‌ನಲ್ಲಿ (ವೆಬ್ ವಿಳಾಸ ತೆರೆಯುವ ಟೂಲ್) ಇದೇ ಕಥೆ ಇತ್ತು. ಫೈಲ್ ಸಿಸ್ಟಂ ಎಷ್ಟು ವೇಗ ಅಂತ ಅಳೆಯಲು ಇಲ್ಲದ ಫೈಲುಗಳ ಹೆಸರು ಕೇಳುತ್ತಿತ್ತು, ಕೇಳಿದ ಪ್ರತಿ ಹೆಸರಿಗೂ ಕರ್ನಲ್ ಒಂದು ‘ಇಲ್ಲ’ ಅನ್ನೋ ಡೆಂಟ್ರಿ ಇಟ್ಟುಕೊಳ್ಳುತ್ತಿತ್ತು. ಹೆಲ್ತ್ ಚೆಕ್‌ಗೆ ಕರ್ಲ್ ಹಾಕಿದ್ದವರ ಮೆಷೀನೆಲ್ಲಾ ಡೆಂಟ್ರಿಮಯ. ನಿಮ್ಮದು ಇದಲ್ಲ ಅನ್ನಿಸುತ್ತದೆ, ಆರ್‌ಎಸ್‌ಎಸ್ಸೇ ಏರುತ್ತಿದೆಯಲ್ಲ.

ನೋಡ್_ನಾಲ್ಕು

ಒಒಎಂ ಕಿಲ್ ಎಣಿಕೆ ಏರಿದೆ, ಅನುಮಾನ ಇಲ್ಲ. ಫೈಲ್, ಸ್ಲ್ಯಾಬ್, ಸಾಕ್ ಇದ್ದಲ್ಲೇ ಇವೆ. ಎಸ್‌ಎಚ್‌ಮೆಮ್ ಸೊನ್ನೆ. ಏರುತ್ತಿರುವುದು ಅನಾನ್ ಒಂದೇ.

ಗೋರೂಟೀನ್

ನಾನು ಜಾವಾದವನಲ್ಲ. ಗೋ ಭಾಷೆಯಲ್ಲಿ ಆಗಿದ್ದರೆ ಮೊದಲು ಪಿಪ್ರಾಫ್ ಅನ್ನೋ ಪ್ರೊಫೈಲರ್‌ನಲ್ಲಿ ಗೋರೂಟೀನ್ (ಹಗುರ ಥ್ರೆಡ್) ಎಣಿಕೆ ನೋಡುತ್ತಿದ್ದೆ. ಅರ್ಧಕ್ಕರ್ಧ ಲೀಕ್‌ಗಳು ಯಾರೂ ಓದದ ಚಾನೆಲ್‌ಗೆ ಬರೆಯಲು ನಿಂತ ಗೋರೂಟೀನ್‌ಗಳೇ. ನಿಮ್ಮಲ್ಲಿ ಥ್ರೆಡ್ ಎಣಿಕೆ ಏರುತ್ತಿದೆಯಾ? 64 ಬಿಟ್ ಲಿನಕ್ಸ್‌ನಲ್ಲಿ ಜಾವಾ ಥ್ರೆಡ್ ಒಂದಕ್ಕೆ ಡಿಫಾಲ್ಟ್ ಸ್ಟ್ಯಾಕ್ 1 ಎಂಬಿ ಅಲ್ವಾ?

ನೋಡ್_ನಾಲ್ಕು

ಥ್ರೆಡ್ ಎಣಿಕೆ ಆರೂ ನೋಡ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ. ಏರುತ್ತಿಲ್ಲ.

ಹೀಪ್‌ಹುಡುಕ

ಹಾಗಾದರೆ ನೇಟಿವ್ ಮೆಮೊರಿ ಟ್ರ್ಯಾಕಿಂಗ್ (ಜೆವಿಎಂ, ಅಂದರೆ ಜಾವಾ ಓಡಿಸುವ ಎಂಜಿನ್, ಪಡೆದ ಮೆಮೊರಿಯ ಲೆಕ್ಕ) ಆನ್ ಮಾಡಿ, ಸಮ್ಮರಿ ಮಟ್ಟದಲ್ಲಿ ಸಾಕು. ಸ್ವಲ್ಪ ನಿಧಾನ ಆಗುತ್ತದೆ, ಶೇ 5ರಿಂದ 10 ಅಂತ ದಾಖಲೆಗಳಲ್ಲೇ ಬರೆದಿದ್ದಾರೆ. ಅದಕ್ಕೇ ಆರಕ್ಕೂ ಬೇಡ, ಎರಡನೇ ನೋಡ್‌ಗೆ ಮತ್ತು ಸರಿಯಿರುವ ಒಂದಕ್ಕೆ ಮಾತ್ರ ಹಾಕಿ. ನೋಡ್ ಎದ್ದು ಸ್ವಲ್ಪ ಹೊತ್ತು ಲೋಡ್ ತೆಗೆದುಕೊಂಡ ಮೇಲೆ ಜೆಸಿಎಂಡಿ ಟೂಲ್‌ನಿಂದ ಬೇಸ್‌ಲೈನ್ ಹಿಡಿಯಿರಿ, ಕೆಲವು ಗಂಟೆ ಬಿಟ್ಟು ಸಮ್ಮರಿ ಡಿಫ್ ಕೇಳಿ. ಮೆಟಾಸ್ಪೇಸ್, ಕೋಡ್ ಕ್ಯಾಶ್, ಜಿಸಿ, ಥ್ರೆಡ್, ಡೈರೆಕ್ಟ್ ಬಫರ್ ಎಲ್ಲ ಬೇರೆ ಬೇರೆ ಸಾಲಿನಲ್ಲಿ ಬರುತ್ತದೆ.

ನೋಡ್_ನಾಲ್ಕು

ಎರಡೂ ನೋಡ್‌ಗಳಲ್ಲಿ ಹಿಡಿದೆ. ಇಲ್ಲೇ ತಲೆ ಕೆಟ್ಟಿದ್ದು. ಎರಡನೇ ನೋಡ್‌ನಲ್ಲಿ ಒಟ್ಟು ಕಮಿಟೆಡ್ (ಜೆವಿಎಂ ಪಡೆದಿರುವುದು) 3.9 ಜಿಬಿ, ಡಿಫ್‌ನಲ್ಲಿ ಹೇಳುವಂಥ ಬದಲಾವಣೆ ಏನೂ ಇಲ್ಲ. ಆದರೆ ಅದೇ ಹೊತ್ತಿಗೆ ಆರ್‌ಎಸ್‌ಎಸ್ 5.2 ಜಿಬಿ. ಜೆವಿಎಂ ತನ್ನ ಲೆಕ್ಕ ಸರಿಯಿದೆ ಅನ್ನುತ್ತಿದೆ, ಕರ್ನಲ್ ಬೇರೆ ಹೇಳುತ್ತಿದೆ. ಮಧ್ಯದ 1.3 ಜಿಬಿ ಯಾರದ್ದು?

ಅರೀನಾ64

ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಜೆವಿಎಂ ಎಣಿಸುವುದು ತಾನು ಕೇಳಿ ಪಡೆದ ಮೆಮೊರಿಯನ್ನು. ಅದರ ಪ್ರೋಸೆಸ್‌ನೊಳಗೇ ಕೂತ ಸಿ ಲೈಬ್ರರಿಗಳು ನೇರವಾಗಿ ಮಾಲಾಕ್ (ಮೆಮೊರಿ ಕೇಳುವ ಫಂಕ್ಷನ್) ಕರೆದರೆ ಆ ಪಟ್ಟಿಗೆ ಬರುವುದಿಲ್ಲ. ಸರಿ, 1.3 ಜಿಬಿ ಮಾಲಾಕ್ ಹತ್ತಿರ ಇದೆ ಅಂತಾಯ್ತು. ಈಗ ಎರಡು ಸಾಧ್ಯತೆ. ಯಾರೋ ಫ್ರೀ ಮಾಡದೆ ಬಿಟ್ಟಿದ್ದಾರೆ. ಇಲ್ಲವೇ ಫ್ರೀ ಮಾಡಿದ್ದಾರೆ, ಆದರೆ ಜಿಲಿಬ್‌ಸಿ (ಮಾಲಾಕ್ ಇರುವ ಸಿ ಲೈಬ್ರರಿ) ಅದನ್ನು ಕರ್ನಲ್‌ಗೆ ಹಿಂತಿರುಗಿಸದೆ ಇಟ್ಟುಕೊಂಡಿದೆ.

ಎರಡನೆಯದನ್ನು ಮೊದಲು ತಳ್ಳಿಹಾಕಿ, ಅದು ಸುಲಭ. ಜಿಲಿಬ್‌ಸಿ 64 ಬಿಟ್‌ನಲ್ಲಿ ಕೋರ್ ಒಂದಕ್ಕೆ 8ರಂತೆ ಅರೀನಾ (ಮಾಲಾಕ್ ಬಳಸುವ ಮೆಮೊರಿ ಗುಡ್ಡೆ) ತೆರೆಯಬಹುದು. 16 ಕೋರ್ ಇದ್ದರೆ 128. ಪ್ರತಿ ಅರೀನಾ 64 ಎಂಬಿಯ ಹೀಪ್ ತುಂಡುಗಳನ್ನು ಕಾದಿರಿಸುತ್ತದೆ. ಪಿಮ್ಯಾಪ್‌ನಲ್ಲಿ (ಪ್ರೋಸೆಸ್‌ನ ಮೆಮೊರಿ ನಕ್ಷೆ) ನೋಡಿ: ಓದು-ಬರಹ ಇರುವ ಒಂದು ತುಂಡು, ಅದರ ಬೆನ್ನಿಗೇ ಯಾವ ಅನುಮತಿಯೂ ಇಲ್ಲದ ಇನ್ನೊಂದು, ಎರಡೂ ಕೂಡಿದರೆ ಸರಿಯಾಗಿ 65536 ಕೆಬಿ. ಅಂಥ ಜೋಡಿಗಳು ಸಾಲಾಗಿ ಕಂಡರೆ ಅವೆಲ್ಲ ಅರೀನಾ.

ಮಾಲಾಕ್ ಅರೀನಾ ಮ್ಯಾಕ್ಸ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನು 2 ಮಾಡಿ ನೋಡ್ ಎಬ್ಬಿಸಿ. ಓಡುತ್ತಿರುವ ನೋಡ್‌ನಲ್ಲೇ ಪರೀಕ್ಷೆ ಬೇಕೆಂದರೆ ಹೊಸ ಜೆಡಿಕೆಗಳಲ್ಲಿ ಜೆಸಿಎಂಡಿಗೆ ‘ಸಿಸ್ಟಂ ಟ್ರಿಮ್ ನೇಟಿವ್ ಹೀಪ್’ ಆದೇಶ ಇದೆ, ನಿಮ್ಮ 21ರಲ್ಲಿ ಸಿಗುತ್ತದೆ. ಅದು ಮಾಲಾಕ್ ಟ್ರಿಮ್ ಕರೆಯುತ್ತದೆ. ಆರ್‌ಎಸ್‌ಎಸ್ ಧೊಪ್ಪನೆ ಬಿದ್ದರೆ ಲೀಕ್ ಅಲ್ಲ, ಜಿಲಿಬ್‌ಸಿಯ ಕೂಡಿಡುವ ಚಾಳಿ.

ರಾತ್ರಿಪಾಳಿ

ಎಲ್ಲರೂ ಜೆಮಾಲಾಕ್ (ಜಿಲಿಬ್‌ಸಿಯ ಮಾಲಾಕ್‌ಗೆ ಬದಲಿ) ಹಾಕಿ ಕೈತೊಳೆದುಕೊಳ್ಳುವುದು ಈ ಹಂತದಲ್ಲೇ.

ಅರೀನಾ64

ಹಾಕಬಹುದು. ಆದರೆ ನಿಜವಾದ ಲೀಕ್ ಇದ್ದರೆ ಜೆಮಾಲಾಕ್ ಏನು ಮಾಡುತ್ತದೆ? ಅದೂ ತುಂಬುತ್ತದೆ. ಸ್ವಲ್ಪ ತಡವಾಗಿ.

ನೋಡ್_ನಾಲ್ಕು

ಟ್ರಿಮ್ ಮಾಡಿದರೆ ಎಂಬತ್ತು ತೊಂಬತ್ತು ಎಂಬಿ ಇಳಿಯಿತು, ಅಷ್ಟೆ. ಅರೀನಾ 2 ಮಾಡಿದ ಮೇಲೆ ಶುರುವಿನ ಮಟ್ಟ ಕೆಳಗೆ ಬಂತು. ಏರುವ ವೇಗ ಹಾಗೇ ಇದೆ. ಗಂಟೆಗೆ ಅದೇ 100.

ಮೂಲೆಮನೆ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಎಲ್ಲರೂ ಒಂದು ನೋಡ್‌ನ ಹೊಟ್ಟೆ ಬಗೆಯುತ್ತಿದ್ದೀರಿ. ಇದು ಕ್ಲಸ್ಟರ್ ಅಲ್ವಾ? ಒಂದೇ ಇಮೇಜ್, ಒಂದೇ ಲೋಡ್, ಆರರಲ್ಲಿ ಎರಡು ಮಾತ್ರ ಸೋರುತ್ತಿವೆ. ಒಂಟಿ ಸರ್ವರ್ ಇಟ್ಟುಕೊಂಡವರಿಗೆ ಇಂಥ ಸುಳಿವು ಸಿಗುವುದೇ ಇಲ್ಲ. ಎರಡು ಮತ್ತು ಐದರಲ್ಲಿ ಇದ್ದು, ಉಳಿದ ನಾಲ್ಕರಲ್ಲಿ ಇಲ್ಲದ್ದು ಏನು? ಕಾನ್ಫಿಗ್ ಫೈಲುಗಳಿಗೆ ಡಿಫ್ ಹೊಡೆಯಿರಿ. ಲೀಡರ್ ಯಾರು, ಶಾರ್ಡ್ (ಡೇಟಾ ತುಂಡು) ಹಂಚಿಕೆ ಹೇಗಿದೆ, ಯಾವ ನೋಡ್‌ಗೆ ಯಾವ ಪೀರ್ (ಜೊತೆ ನೋಡ್) ಪಟ್ಟಿ, ಎಲ್ಲ ನೋಡಿ.

ಇನ್ನೊಂದು. ಟ್ರಾಫಿಕ್ ಏರಿಳಿದರೂ ಲೀಕ್‌ನ ವೇಗ ಬದಲಾಗುವುದಿಲ್ಲ ಅಂದಿರಿ. ಮೊದಲನೇ ಪೋಸ್ಟಿನಲ್ಲೇ ನನಗೆ ಅನುಮಾನ ಬಂದದ್ದು ಅಲ್ಲಿ. ರಿಕ್ವೆಸ್ಟ್‌ಗೆ ಅಂಟಿಕೊಂಡ ಲೀಕ್ ಟ್ರಾಫಿಕ್ ಜೊತೆ ಕುಣಿಯುತ್ತದೆ. ಇದು ಗಡಿಯಾರಕ್ಕೆ ಅಂಟಿಕೊಂಡಿದೆ. ಅಂದರೆ ಯಾವುದೋ ಟೈಮರ್. ಹಾರ್ಟ್‌ಬೀಟ್ (ಬದುಕಿದ್ದೇನೆ ಅನ್ನುವ ಸಂದೇಶ), ಹೆಲ್ತ್ ಚೆಕ್, ಮೆಟ್ರಿಕ್ ಕಳಿಸುವುದು, ಮರುಸಂಪರ್ಕ, ಇಂಥದ್ದು.

ನೋಡ್_ನಾಲ್ಕು

ಡಿಫ್ ಹೊಡೆದೆ. ಎರಡು ಮತ್ತು ಐದರ ಪೀರ್ ಪಟ್ಟಿಯಲ್ಲಿ ಒಂದು ಹಳೇ ವಿಳಾಸ ಉಳಿದುಕೊಂಡಿದೆ. ಆ ಮೆಷೀನ್ ಸೇವೆಯಿಂದ ತೆಗೆದು ಬಹಳ ಕಾಲ ಆಗಿದೆ. ಉಳಿದ ನಾಲ್ಕರ ಪಟ್ಟಿಯಲ್ಲಿ ಅದಿಲ್ಲ. ಕೋಡ್ ಪ್ರಕಾರ ಸಂಪರ್ಕ ಇಲ್ಲದ ಪೀರ್‌ಗೆ 5 ಸೆಕೆಂಡ್‌ಗೊಮ್ಮೆ ಮರುಸಂಪರ್ಕದ ಪ್ರಯತ್ನ ನಡೆಯುತ್ತದೆ. ಲಾಗ್ ಮಟ್ಟ ಡೀಬಗ್ ಆದ್ದರಿಂದ ಯಾರ ಕಣ್ಣಿಗೂ ಬಿದ್ದಿಲ್ಲ.

ಮೂಲೆಮನೆ

ಬಂತಲ್ಲ ದಾರಿಗೆ.

2012ರ ಅಕ್ಟೋಬರ್ 22ರಂದು ಅಮೆಜಾನ್‌ನ ಯುಎಸ್ ಈಸ್ಟ್ ಪ್ರದೇಶದಲ್ಲಿ ಇಬಿಎಸ್ (ಸ್ಟೋರೇಜ್ ಸೇವೆ) ಕುಸಿದ ಘಟನೆ ಹೆಚ್ಚುಕಡಿಮೆ ಇದೇ. ಆಮೇಲೆ ಅವರೇ ಬಿಡಿಸಿ ಬರೆದು ಪ್ರಕಟಿಸಿದರು. ಸ್ಟೋರೇಜ್ ಸರ್ವರ್‌ಗಳಲ್ಲಿ ಮಾಹಿತಿ ಕಳಿಸುವ ಒಂದು ಪುಟ್ಟ ಏಜೆಂಟ್ ಇತ್ತು. ಅದು ಮಾಹಿತಿ ಕಳಿಸುತ್ತಿದ್ದ ಸರ್ವರ್ ಒಂದರ ಹಾರ್ಡ್‌ವೇರ್ ಕೆಟ್ಟಿತು, ಬೇರೆ ಇಟ್ಟರು, ಡಿಎನ್‌ಎಸ್ ಬದಲಾಯಿಸಿದರು. ಆದರೆ ಆ ಬದಲಾವಣೆ ಒಳಗಿನ ಎಲ್ಲ ಡಿಎನ್‌ಎಸ್ ಸರ್ವರ್‌ಗಳಿಗೆ ತಲುಪಲಿಲ್ಲ. ಕೆಲವು ಸ್ಟೋರೇಜ್ ಸರ್ವರ್‌ಗಳು ಸತ್ತ ವಿಳಾಸವನ್ನೇ ಮತ್ತೆ ಮತ್ತೆ ತಟ್ಟುತ್ತಾ ಹೋದವು. ಏಜೆಂಟ್‌ನಲ್ಲಿ ಅಡಗಿದ್ದ ಲೀಕ್ ಹೊರಬಂದದ್ದು ಆಗ. ಮಾಹಿತಿ ತಪ್ಪಿಹೋದರೂ ನಡೆಯುವ ಹಾಗೆ ಏಜೆಂಟ್ ಬರೆದಿದ್ದರಿಂದ ಯಾವ ಅಲಾರಂ ಕೂಡ ಹೊಡೆಯಲಿಲ್ಲ. ಸ್ಟೋರೇಜ್ ಸರ್ವರ್‌ಗಳ ಮೆಮೊರಿಯೇ ಮುಗಿಯುತ್ತಾ ಬಂತು.

ಕ್ಲಸ್ಟರ್ ಸಾಫ್ಟ್‌ವೇರ್‌ನಲ್ಲಿ ಲೀಕ್ ಹುಡುಕುವಾಗ ನಾನು ಎಲ್ಲ ಸರಿಯಿರುವಾಗ ಓಡುವ ಕೋಡ್ ನೋಡುವುದೇ ಇಲ್ಲ. ಅದು ದಿನಕ್ಕೆ ಕೋಟಿ ಸಲ ಓಡಿರುತ್ತದೆ, ಸೋರಿದ್ದರೆ ಎಂದೋ ಸಿಕ್ಕಿರುತ್ತಿತ್ತು. ಪೀರ್ ಇಲ್ಲದಾಗ ಓಡುವ ಕೋಡ್ ಕಡೆ ಮೊದಲು ಹೋಗಿ.

ಗೋರೂಟೀನ್

ಹಾಗಾದರೆ ಆ ವಿಳಾಸ ಅಳಿಸಿದರೆ ಮುಗಿಯಿತಲ್ಲ?

ಹೀಪ್‌ಹುಡುಕ

ಇವತ್ತಿಗೆ ಮುಗಿಯಿತು. ನಾಳೆ ಯಾವುದೋ ನಿಜವಾದ ನೋಡ್ ಒಂದು ದಿನ ಕೆಳಗೆ ಬಿದ್ದರೆ? ಉಳಿದ ಐದೂ ಒಟ್ಟಿಗೆ ಸೋರಲು ಶುರುಮಾಡುತ್ತವೆ. ಈಗಿರುವುದಕ್ಕಿಂತ ಕೆಟ್ಟದ್ದು ಅದು. ಐದನೇ ನೋಡ್‌ನಿಂದ ಅಳಿಸಿ, ಏರಿಕೆ ನಿಂತರೆ ನಮ್ಮ ಊಹೆ ಖಚಿತ. ಎರಡನೆಯದರಲ್ಲಿ ಹಾಗೇ ಬಿಡಿ, ಅದು ನಮಗೆ ಬೇಕು.

ಎರಡನೆಯದರಲ್ಲಿ ಜೆಮಾಲಾಕ್ ಅನ್ನು ಪ್ರೀಲೋಡ್ ಮಾಡಿ ಪ್ರೊಫೈಲಿಂಗ್ ಆನ್ ಮಾಡಿ. ಜೆಮಾಲಾಕ್ ಬಿಲ್ಡ್ ಆಗುವಾಗಲೇ ಪ್ರೊಫೈಲಿಂಗ್ ಸೇರಿಸಿರಬೇಕು, ಇಲ್ಲದಿದ್ದರೆ ನೀವು ಕೊಟ್ಟ ಸೆಟ್ಟಿಂಗ್ ಹತ್ತುವುದಿಲ್ಲ. ಸ್ಯಾಂಪಲ್ ಡಿಫಾಲ್ಟ್ 19 (2ರ ಘಾತ) ಇರಲಿ, ಅಂದರೆ ಸರಾಸರಿ 512 ಕೆಬಿಗೊಂದು ಸ್ಯಾಂಪಲ್. ಡಂಪ್ ಮಧ್ಯಂತರ 30 ಕೊಟ್ಟರೆ ಪ್ರತಿ 1 ಜಿಬಿ ಅಲೋಕೇಶನ್ ನಡೆದಾಗ ಒಂದು ಫೈಲ್ ಬೀಳುತ್ತದೆ. ಮೊದಲಿನ ಒಂದು, ಕೊನೆಯ ಒಂದು ತೆಗೆದುಕೊಂಡು ಜೆಪ್ರಾಫ್‌ನಲ್ಲಿ ಮೊದಲಿನದನ್ನು ಬೇಸ್ ಮಾಡಿ ನೋಡಿ. ಜಾವಾ ಫ್ರೇಮ್‌ಗಳು ಬರೀ ಹೆಕ್ಸ್ ವಿಳಾಸಗಳಾಗಿ ಕಾಣುತ್ತವೆ, ಗಾಬರಿ ಬೇಡ. ತುದಿಯಲ್ಲಿರುವ ಸಿ ಫಂಕ್ಷನ್‌ನ ಹೆಸರು ಸಿಕ್ಕರೆ ಸಾಕು.

ಹೊಸಬ

ವ್ಯಾಲ್‌ಗ್ರೈಂಡ್ (ಲೀಕ್ ಹಿಡಿಯುವ ಟೂಲ್) ಹಾಕಿದರೆ ಆಗುವುದಿಲ್ಲವಾ?

ಅರೀನಾ64

ಅದರ ಮೆಮ್‌ಚೆಕ್ ಅಡಿಯಲ್ಲಿ ಪ್ರೋಗ್ರಾಂ ಹತ್ತಾರು ಪಟ್ಟು ನಿಧಾನ. ಹಾರ್ಟ್‌ಬೀಟ್ ತಪ್ಪಿ ಕ್ಲಸ್ಟರ್ ಆ ನೋಡನ್ನೇ ಹೊರಗೆ ಹಾಕುತ್ತದೆ. ಸಾಲದ್ದಕ್ಕೆ ಜೆವಿಎಂ ಮೇಲೆ ಅದರ ಗಲಾಟೆ ತಡೆಯಲಾಗದು. ಮ್ಯಾಪ್‌ನಲ್ಲಿ ಉಳಿದುಕೊಂಡ ವಸ್ತುಗಳನ್ನು ‘ಇನ್ನೂ ತಲುಪಬಹುದು’ ಅಂತ ಬೇರೆ ಪಟ್ಟಿಗೆ ಹಾಕುತ್ತದೆ, ಲೀಕ್ ಅನ್ನುವುದೇ ಇಲ್ಲ.

ನೋಡ್_ನಾಲ್ಕು

ಐದನೇ ನೋಡ್‌ನಲ್ಲಿ ವಿಳಾಸ ಅಳಿಸಿದ ಮೇಲೆ ಗೆರೆ ಮಲಗಿತು.

ಎರಡನೆಯದರ ಪ್ರೊಫೈಲ್‌ನಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದು ಜೆಡ್‌ಲಿಬ್‌ನ (ಕಂಪ್ರೆಸ್ ಮಾಡುವ ಸಿ ಲೈಬ್ರರಿ) ಡಿಫ್ಲೇಟ್ ಇನಿಟ್. ಅದನ್ನು ಕರೆದದ್ದು ಜಾವಾದ ಡಿಫ್ಲೇಟರ್ ಕ್ಲಾಸ್. ಬೇರೆ ಎಲ್ಲ ಸೇರಿದರೂ ಅದರ ಹತ್ತಿರ ಬರುವುದಿಲ್ಲ. ಆದರೆ ಪ್ರೊಫೈಲ್ ಲೆಕ್ಕದಲ್ಲಿ ಗಂಟೆಗೆ 180 ಎಂಬಿ ಅನ್ನುತ್ತಿದೆ. ಆರ್‌ಎಸ್‌ಎಸ್ ಏರುವುದು 100. ಈ ವ್ಯತ್ಯಾಸ ಯಾಕೆ?

ಅರೀನಾ64

ಚೆಂದದ ಪ್ರಶ್ನೆ. ಜೆಡ್‌ಲಿಬ್ ಡಿಫ್ಲೇಟ್‌ಗೆ ಎಷ್ಟು ಮೆಮೊರಿ ಬೇಕು ಅಂತ ಅದರ ಹೆಡರ್ ಫೈಲಿನಲ್ಲೇ ಸೂತ್ರ ಇದೆ. ವಿಂಡೋ ಬಿಟ್ಸ್ 15, ಮೆಮ್ ಲೆವೆಲ್ 8, ಎರಡೂ ಡಿಫಾಲ್ಟ್. 2ರ ಘಾತ 17, ಅಂದರೆ 128 ಕೆಬಿ. ಇನ್ನೊಂದು ಭಾಗಕ್ಕೂ 2ರ ಘಾತ 17, ಮತ್ತೆ 128 ಕೆಬಿ. ಒಟ್ಟು 256 ಕೆಬಿ, ಅದರ ಮೇಲೆ ಚಿಲ್ಲರೆ. ನೀವು 5 ಸೆಕೆಂಡ್‌ಗೊಮ್ಮೆ ಪ್ರಯತ್ನಿಸುತ್ತೀರಿ, ಗಂಟೆಗೆ 720. 720ನ್ನು 256 ಕೆಬಿಯಿಂದ ಗುಣಿಸಿ. 180 ಎಂಬಿ! ಪ್ರತಿ ಪ್ರಯತ್ನಕ್ಕೂ ಒಂದು ಡಿಫ್ಲೇಟರ್, ಒಂದೂ ತಪ್ಪದೆ ಉಳಿದುಕೊಳ್ಳುತ್ತಿದೆ.

ಆರ್‌ಎಸ್‌ಎಸ್ ಕಡಿಮೆ ಯಾಕೆಂದರೆ, ಮಾಲಾಕ್ ಕೊಟ್ಟ ಮಾತ್ರಕ್ಕೆ ಪೇಜ್ (ನಿಜವಾದ ಮೆಮೊರಿಯ ತುಂಡು) ಬರುವುದಿಲ್ಲ. ಯಾರಾದರೂ ಅಲ್ಲಿ ಬರೆದಾಗ ಕರ್ನಲ್ ಪೇಜ್ ಕೊಡುತ್ತದೆ. ಡಿಫ್ಲೇಟ್ ಎದ್ದ ಕೂಡಲೇ ಹ್ಯಾಶ್ ಟೇಬಲ್‌ನಂಥ ಭಾಗಕ್ಕೆ ಸೊನ್ನೆ ತುಂಬುತ್ತದೆ, ಅವಷ್ಟೂ ಪೇಜ್‌ಗಳು ಬರುತ್ತವೆ. ಡೇಟಾ ಹರಿದಾಗ ಮಾತ್ರ ತುಂಬುವ ಬಫರ್‌ಗಳು ಹಾಗೇ ಮುಟ್ಟದೆ ಉಳಿಯುತ್ತವೆ. ನಿಮ್ಮ ಸಂಪರ್ಕ ಕೂಡಲೇ ಇಲ್ಲ, ಡೇಟಾ ಎಲ್ಲಿ ಹರಿಯಬೇಕು?

ಹೊಸಬ

ಕಂಪ್ರೆಸ್ ಮಾಡುವುದು ಎರಡೂ ಕಡೆಯಲ್ಲವಾ? ಇನ್‌ಫ್ಲೇಟರ್ (ಕಂಪ್ರೆಸ್ ಆದದ್ದನ್ನು ಬಿಡಿಸುವ ಕ್ಲಾಸ್) ಯಾಕೆ ಪ್ರೊಫೈಲ್‌ನಲ್ಲಿ ಮೇಲೆ ಬರಲಿಲ್ಲ?

ಅರೀನಾ64

ಅದೂ ಸೋರುತ್ತಿರುತ್ತದೆ. ಇನ್‌ಫ್ಲೇಟ್ ತನ್ನ 32 ಕೆಬಿ ವಿಂಡೋವನ್ನು ಬೇಕಾದಾಗ ಮಾತ್ರ ಕೇಳುತ್ತದೆ. ಶುರುವಿನಲ್ಲಿ ಹಿಡಿಯುವುದು ಕೆಲವೇ ಕೆಬಿ. ಪಟ್ಟಿಯಲ್ಲಿ ಕೆಳಗೆಲ್ಲೋ ಇರುತ್ತದೆ ನೋಡಿ.

ಹೀಪ್‌ಹುಡುಕ

ಈಗ ಹೀಪ್‌ಗೆ ವಾಪಸ್ ಬನ್ನಿ. ಡಿಫ್ಲೇಟರ್ ಯಾರ ಕೈಯಲ್ಲೂ ಇಲ್ಲದಿದ್ದರೆ ಜಿಸಿ ಆದಾಗ ಕ್ಲೀನರ್ ಅದರ ನೇಟಿವ್ ಭಾಗವನ್ನು ಬಿಡಿಸಬೇಕಿತ್ತು. ಬಿಡಿಸುತ್ತಿಲ್ಲ ಅಂದರೆ ಯಾರೋ ಹಿಡಿದುಕೊಂಡಿದ್ದಾರೆ. ಜೆಮ್ಯಾಪ್ ಹಿಸ್ಟೋ ಲೈವ್ (ಬದುಕಿರುವ ಆಬ್ಜೆಕ್ಟ್‌ಗಳನ್ನು ಎಣಿಸುವ ಆದೇಶ) ಓಡಿಸಿ. ಅದು ಪೂರ್ತಿ ಜಿಸಿ ಮಾಡಿಸಿಯೇ ಎಣಿಸುತ್ತದೆ, ಸ್ವಲ್ಪ ಹೊತ್ತು ನೋಡ್ ನಿಲ್ಲುತ್ತದೆ, ಟ್ರಾಫಿಕ್ ತಿರುಗಿಸಿ ಮಾಡಿ. ಬಂದ ಪಟ್ಟಿಯನ್ನು ಬೈಟ್ ಲೆಕ್ಕದಲ್ಲಿ ನೋಡಬೇಡಿ, ಎಣಿಕೆ ನೋಡಿ. ಡಿಫ್ಲೇಟರ್ ಆಬ್ಜೆಕ್ಟ್ ಒಂದಕ್ಕೆ ಹೀಪ್‌ನಲ್ಲಿ ನೂರು ಬೈಟ್ ಕೂಡ ಆಗುವುದಿಲ್ಲ. ಅದಕ್ಕೇ ನಿಮ್ಮ ಹೀಪ್ ಗ್ರಾಫ್ ಅಲುಗಾಡಲಿಲ್ಲ.

ನೋಡ್_ನಾಲ್ಕು

ಹನ್ನೆರಡು ಗಂಟೆ ಓಡಿದ ಎರಡನೇ ನೋಡ್‌ನಲ್ಲಿ ಡಿಫ್ಲೇಟರ್‌ಗಳು ಎಂಟೂವರೆ ಸಾವಿರ ದಾಟಿವೆ. ಸರಿಯಿರುವ ನೋಡ್‌ನಲ್ಲಿ 5. ಪೀರ್‌ಗೊಂದು. ಇನ್‌ಫ್ಲೇಟರ್‌ಗಳೂ ಅಷ್ಟಕ್ಕಷ್ಟೇ.

ಹೀಪ್ ಡಂಪ್ ತೆಗೆದು ಎಕ್ಲಿಪ್ಸ್ ಮ್ಯಾಟ್‌ನಲ್ಲಿ (ಹೀಪ್ ವಿಶ್ಲೇಷಿಸುವ ಟೂಲ್) ಒಂದು ಡಿಫ್ಲೇಟರ್ ಹಿಡಿದು ಜಿಸಿ ರೂಟ್‌ವರೆಗಿನ ದಾರಿ, ಅಂದರೆ ಅದನ್ನು ಯಾರು ಹಿಡಿದಿದ್ದಾರೆ ಅಂತ, ಕೇಳಿದೆ. ಡಿಫ್ಲೇಟರ್, ಅದರ ಮೇಲೆ ಕಂಪ್ರೆಷನ್ ಹ್ಯಾಂಡ್ಲರ್, ಅದರ ಮೇಲೆ ಸಂಪರ್ಕ, ಕೊನೆಗೆ ‘ಬಾಕಿ ಹ್ಯಾಂಡ್‌ಶೇಕ್‌ಗಳು’ ಅನ್ನೋ ಮ್ಯಾಪ್. ಸಂಪರ್ಕ ಹೂಡುವ ಮೊದಲೇ ಹ್ಯಾಂಡ್ಲರ್‌ಗಳನ್ನೆಲ್ಲ ಕಟ್ಟಿ ಮ್ಯಾಪ್‌ಗೆ ಸೇರಿಸುತ್ತೇವೆ. ಹ್ಯಾಂಡ್‌ಶೇಕ್ ಮುಗಿದರೆ ತೆಗೆಯುತ್ತೇವೆ. ಎಕ್ಸೆಪ್ಶನ್ ಬಂದರೂ ತೆಗೆಯುತ್ತೇವೆ. ಕೋಡ್ ಎಷ್ಟು ಓದಿದರೂ ಸರಿಯಾಗೇ ಕಾಣುತ್ತದೆ. ಟೆಸ್ಟ್ ಕೂಡ ಇದೆ, ಮುಚ್ಚಿದ ಪೋರ್ಟ್‌ಗೆ ಸಂಪರ್ಕ ಹೂಡಿ ಮ್ಯಾಪ್ ಖಾಲಿಯಾಯಿತಾ ಅಂತ ನೋಡುತ್ತದೆ. ಪಾಸ್ ಆಗುತ್ತದೆ.

ಮೂಲೆಮನೆ

ಮುಚ್ಚಿದ ಪೋರ್ಟ್ ಮತ್ತು ಸತ್ತ ಮೆಷೀನ್ ಒಂದೇ ಅಲ್ಲ.

ಪೋರ್ಟ್ ಮುಚ್ಚಿದ್ದರೆ ಆಚೆಯಿಂದ ಆರ್‌ಎಸ್‌ಟಿ (ನಿರಾಕರಣೆಯ ಪ್ಯಾಕೆಟ್) ಬರುತ್ತದೆ, ತಕ್ಷಣ ‘ಕನೆಕ್ಷನ್ ರಿಫ್ಯೂಸ್ಡ್’ ಎಕ್ಸೆಪ್ಶನ್. ಮೆಷೀನೇ ಇಲ್ಲದಿದ್ದರೆ ಸಾಮಾನ್ಯವಾಗಿ ಯಾರೂ ಉತ್ತರಿಸುವುದಿಲ್ಲ. ಕರ್ನಲ್ ಡಿಫಾಲ್ಟ್ ಪ್ರಕಾರ ಎಸ್‌ವೈಎನ್ (ಸಂಪರ್ಕ ಕೋರುವ ಪ್ಯಾಕೆಟ್) ಅನ್ನು 6 ಸಲ ಮತ್ತೆ ಕಳಿಸಿ, ಎರಡು ನಿಮಿಷ ದಾಟಿದ ಮೇಲೆ ಕೈಬಿಡುತ್ತದೆ. ಅಷ್ಟು ಕಾಯಲು ಯಾರಿಗೂ ತಾಳ್ಮೆ ಇಲ್ಲ, ಅದಕ್ಕೇ ಎಲ್ಲರೂ ತಮ್ಮದೇ ಟೈಮರ್ ಇಡುತ್ತಾರೆ. ನಿಮ್ಮಲ್ಲೂ ಇರುತ್ತದೆ. ಆ ಟೈಮರ್ ಹೊಡೆದಾಗ ಏನಾಗುತ್ತದೆ? ಆ ದಾರಿ ಎಕ್ಸೆಪ್ಶನ್ ಹ್ಯಾಂಡ್ಲರ್ ಮೂಲಕ ಹೋಗುತ್ತದಾ?

ಟೆಸ್ಟ್‌ಗೆ ಐಪಿಟೇಬಲ್ಸ್‌ನಲ್ಲಿ (ಲಿನಕ್ಸ್ ಫೈರ್‌ವಾಲ್) ರಿಜೆಕ್ಟ್ ಬದಲು ಡ್ರಾಪ್ ಹಾಕಿ. ಇಲ್ಲವೇ 192.0.2.1 ವಿಳಾಸಕ್ಕೆ ಸಂಪರ್ಕ ಹೂಡಿ. ಆ 192.0.2.0/24 ಸಾಲು ದಾಖಲೆಗಳಲ್ಲಿ ಉದಾಹರಣೆಗೆ ಅಂತಲೇ ಮೀಸಲು, ಅಲ್ಲಿ ಯಾರೂ ಮನೆ ಮಾಡಿಲ್ಲ.

ನೋಡ್_ನಾಲ್ಕು

ಸಿಕ್ಕಿತು. 3 ಸೆಕೆಂಡ್‌ನ ಟೈಮರ್ ಸಾಕೆಟ್ ಮುಚ್ಚುತ್ತದೆ, ಫ್ಯೂಚರ್ (ಮುಂದೆ ಬರಬೇಕಿದ್ದ ಫಲಿತಾಂಶ) ರದ್ದು ಮಾಡುತ್ತದೆ, ಅಲ್ಲಿಗೆ ಮುಗಿಯಿತು. ಎಕ್ಸೆಪ್ಶನ್ ಹ್ಯಾಂಡ್ಲರ್‌ಗೆ ಸುದ್ದಿಯೇ ಹೋಗುವುದಿಲ್ಲ. ಮ್ಯಾಪ್‌ನಿಂದ ತೆಗೆಯುವವರಿಲ್ಲ, ಡಿಫ್ಲೇಟರ್‌ಗೆ ಎಂಡ್ ಕರೆಯುವವರಿಲ್ಲ. ಡ್ರಾಪ್ ಹಾಕಿ ಟೆಸ್ಟ್ ಓಡಿಸಿದರೆ ಮೊದಲ ಸಲಕ್ಕೇ ಫೇಲ್.

ಪ್ಯಾಚ್‌ನಲ್ಲಿ ಮೂರೂ ದಾರಿಗಳು ಒಂದೇ ಮುಚ್ಚುವ ಫಂಕ್ಷನ್‌ಗೆ ಹೋಗುತ್ತವೆ, ಅದನ್ನು ಎರಡು ಸಲ ಕರೆದರೂ ತೊಂದರೆ ಇಲ್ಲ. ಹ್ಯಾಂಡ್‌ಶೇಕ್ ಮುಗಿಯುವವರೆಗೆ ಕಂಪ್ರೆಷನ್ ಹ್ಯಾಂಡ್ಲರ್ ಕಟ್ಟುವುದೇ ಇಲ್ಲ. ಮರುಸಂಪರ್ಕ 5 ಸೆಕೆಂಡ್‌ನಿಂದ ಶುರುವಾಗಿ 5 ನಿಮಿಷದವರೆಗೆ ಹಿಗ್ಗುತ್ತದೆ, ಜಿಟ್ಟರ್ ಸೇರಿಸಿ.

ಹೀಪ್‌ಹುಡುಕ

ಆ ಮ್ಯಾಪ್‌ನ ಗಾತ್ರವನ್ನು ಮೆಟ್ರಿಕ್ ಆಗಿ ಹೊರಗೆ ತನ್ನಿ. ಪೀರ್‌ಗಳ ಸಂಖ್ಯೆಗಿಂತ ಜಾಸ್ತಿಯಾದರೆ ಅಲಾರಂ. ಹಾಗೆ ಮಾಡುವಾಗ ಲೇಬಲ್‌ಗೆ ಸಂಪರ್ಕದ ಐಡಿ ಹಾಕಬೇಡಿ ಮಾರಾಯ್ರೆ. ಪ್ರತಿ ಹೊಸ ಲೇಬಲ್ ಮೌಲ್ಯಕ್ಕೂ ಮೆಟ್ರಿಕ್ ಲೈಬ್ರರಿ ಒಂದು ಹೊಸ ಸರಣಿ ಇಟ್ಟುಕೊಳ್ಳುತ್ತದೆ, ತಾನಾಗಿ ಬಿಡುವುದಿಲ್ಲ. ಲೀಕ್ ಹಿಡಿಯಲು ಹಾಕಿದ ಮೆಟ್ರಿಕ್ಕೇ ಲೀಕ್ ಆಗಿ ಕೂತದ್ದನ್ನು ನೋಡಿದ್ದೇನೆ.

ನೋಡ್_ನಾಲ್ಕು

ಲೇಬಲ್ ಏನೂ ಇಲ್ಲ, ಬರೀ ಒಂದು ಗೇಜ್.

ಪ್ಯಾಚ್ ಹಾಕಿದ ಎರಡನೇ ನೋಡ್‌ನಲ್ಲಿ ಹಳೇ ವಿಳಾಸವನ್ನು ಬೇಕೆಂದೇ ಉಳಿಸಿದ್ದೇನೆ. ಆರ್‌ಎಸ್‌ಎಸ್ 4.1 ಜಿಬಿಯಲ್ಲಿ ನಿಂತಿದೆ, ಡಿಫ್ಲೇಟರ್ 5.

ರಾತ್ರಿಪಾಳಿ

ಕ್ರಾನ್ ತೆಗೆದಿರಾ?

ನೋಡ್_ನಾಲ್ಕು

ತೆಗೆದೆ. ಕಂಟೈನರ್ ಮಿತಿ 8 ಜಿಬಿ ಮಾಡೋಣ ಅಂತ ತಂಡದಲ್ಲಿ ಒಬ್ಬರು ಹೇಳಿದರು, 6ರಲ್ಲೇ ಬಿಟ್ಟಿದ್ದೇನೆ.